ರೈಲ್ವೆ ಗೇಟು ಮುಚ್ಚಿದ ಮೇಲೆ ಊರ ಬಂಡಿದಾರಿ, ಕಾಲುದಾರಿಗಳ ಹಕ್ಕು ಏನಾಗುತ್ತದೆ?

ಪ್ರಶ್ನೆ: ಆನಂದಪುರ ಸೀಮೆಯ ಕೃಷಿಕ

ಶಿವಮೊಗ್ಗ–ತಾಳಗುಪ್ಪ ರೈಲು ಮಾರ್ಗದಲ್ಲಿ ಆನಂದಪುರಕ್ಕೂ ಸಾಗರಕ್ಕೂ ನಡುವೆ ಬರುವ ನಮ್ಮೂರಿನ ಗೇಟನ್ನು ಮುಚ್ಚಿ, ಸ್ವಲ್ಪ ಮುಂದೆ ಹಳಿಯ ಅಡಿಯಲ್ಲಿ ಅಂಡರ್‌ಪಾಸ್ ಕಟ್ಟುವ ಪ್ರಸ್ತಾವವಿದೆ ಎಂದು ಪಂಚಾಯಿತಿಯಲ್ಲಿ ಹೇಳುತ್ತಿದ್ದಾರೆ. ಹಳಿಯ ಈಚೆಗೆ ಮನೆ, ಕೊಟ್ಟಿಗೆ. ಆಚೆಗೆ ಗದ್ದೆ, ಅಡಿಕೆ ತೋಟ, ಸೊಪ್ಪಿನ ಬೆಟ್ಟ. ಗೇಟಿನಲ್ಲಿ ಹಾಯುವುದು ಬಂಡಿದಾರಿಯೊಂದೇ ಅಲ್ಲ. ದಣಪೆ (ಬೇಲಿಯ ನಡುವಿನ ಗಳುಗಳ ಅಡ್ಡ) ದಾಟಿ, ಕಾಲುಸಂಕದ ಮೇಲೆ ಹಳ್ಳ ಹಾಯ್ದು ಬರುವ ಎರಡು ಕಾಲುದಾರಿಗಳೂ ಅಲ್ಲಿಗೇ ಬಂದು ಸೇರುತ್ತವೆ. ವಾಹನಗಳಿಗೆ ಅಂಡರ್‌ಪಾಸ್ ಆದೀತು. ಆದರೆ ಸೊಪ್ಪಿನ ಹೊರೆ ಹೊತ್ತು ನಡೆಯುವವರಿಗೆ, ದನ ಹೊಡೆದುಕೊಂಡು ಹೋಗುವವರಿಗೆ ಬದಲಿ ದಾರಿ ಯಾವುದು, ಅದನ್ನು ಮಾಡಿಕೊಡುವ ಹೊಣೆ ಯಾರದು, ಗೇಟಿನೊಂದಿಗೆ ಹಳೆಯ ದಾರಿಯ ಹಕ್ಕೂ ಹೋಗುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಭೂಮಾಪಕ, ಸಾಗರ

ಗೇಟು ಬೇರೆ, ದಾರಿ ಬೇರೆ. ಗೇಟು ರೈಲ್ವೆಯದು; ಅದನ್ನು ತಲುಪುವ ಸಾರ್ವಜನಿಕ ದಾರಿಯು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಕಲಂ 67ರಂತೆ ಸರ್ಕಾರದ ಸ್ವತ್ತು. ಅದರ ಮೇಲೆ ಜನರಿಗಿರುವ ಹಕ್ಕನ್ನು ರದ್ದುಪಡಿಸಬೇಕಾದರೆ ಕಲಂ 68ರ ಪ್ರಕಾರ ಪ್ರಕಟಣೆ ಹೊರಡಿಸಿ, ಆಕ್ಷೇಪಣೆಗಳನ್ನು ಆಲಿಸಿದ ಮೇಲೆಯೇ ಆದೇಶವಾಗಬೇಕು. ಹಳಿಯ ಬಳಿ ಬೇಲಿ ಬಂದ ಮಾತ್ರಕ್ಕೆ ದಾರಿ ಅಕ್ಕಪಕ್ಕದ ಹಿಡುವಳಿದಾರರ ಪಾಲಾಗುವುದಿಲ್ಲ. ಕಾನೂನಿನ ಮಾತು ಇದು. ಓಡಾಟ ನಿಂತ ದಾರಿ ನಾಲ್ಕಾರು ಮಳೆಗಾಲ ಕಳೆಯುವುದರೊಳಗೆ ಯಾರದೋ ತೋಟದ ಅಗಳಿನ (ಗಡಿ ಕಂದಕದ) ಒಳಗೆ ಸೇರಿಹೋಗುವುದನ್ನು ನಮ್ಮ ಕಡೆ ಕಾಣದವರಿಲ್ಲ.

ಆದ್ದರಿಂದ ಮೊದಲು ತಾಲ್ಲೂಕು ಭೂಮಾಪನ ಕಚೇರಿಯಿಂದ ಗ್ರಾಮ ನಕ್ಷೆಯನ್ನೂ ದಾರಿ ಹಾಯುವ ಪ್ರತಿ ಸರ್ವೆ ನಂಬರಿನ ಟಿಪ್ಪಣಿ (ಅಳತೆಯ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಇವುಗಳನ್ನೂ ದೃಢೀಕರಿಸಿದ ನಕಲಿನಲ್ಲಿ ಪಡೆಯಿರಿ. ನಕ್ಷೆಯಲ್ಲಿ ಚುಕ್ಕೆ ಗೆರೆಯಾಗಿ ದಾರಿ ಕಂಡರೆ, ಅಥವಾ ಅದರ ವಿಸ್ತೀರ್ಣವನ್ನು ‘ಬಿ’ ಖರಾಬು (ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ, ಸಾಗುವಳಿಗಿಲ್ಲದ ಜಾಗ) ಎಂದು ಹಿಡುವಳಿಯ ಲೆಕ್ಕದಿಂದ ಕಳೆದಿದ್ದರೆ ನಿಮ್ಮ ಕೈ ಗಟ್ಟಿಯಾಗುತ್ತದೆ. ಎರಡರಲ್ಲೂ ಇಲ್ಲದ, ಬರೇ ರೂಢಿಯಿಂದ ಖಾಸಗಿ ಜಮೀನಿನಲ್ಲಿ ನಡೆದು ಬಂದ ಕಾಲುದಾರಿಯಾದರೆ 1882ರ ಈಸ್‌ಮೆಂಟ್ (ಇನ್ನೊಬ್ಬರ ಜಮೀನಿನ ಮೇಲಿನ ಅನುಭೋಗದ ಹಕ್ಕು) ಕಾಯ್ದೆಯ ಮೊರೆ ಹೋಗಿ, 20 ವರ್ಷ ಅಡೆತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ್ದನ್ನು ಸಿವಿಲ್ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಾಗುತ್ತದೆ.

ಉತ್ತರ: ಕಾಮಗಾರಿ ಬಲ್ಲವ

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿದ ಮೇಲೆ ಈಗ ಕಾವಲಿರುವ ಗೇಟುಗಳ ಸರದಿ. ದಿನಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಗುಣಿಸಿ ಬರುವ ಟಿವಿಯು ಎಂಬ ಲೆಕ್ಕ 1 ಲಕ್ಷ ಮುಟ್ಟಿದರೆ ಮೇಲ್ಸೇತುವೆಯ ಮಾತು ಬರುತ್ತದೆ. ತಾಳಗುಪ್ಪ ಮಾರ್ಗದ ಹಳ್ಳಿ ಗೇಟುಗಳು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಆ ಲೆಕ್ಕದಲ್ಲಿ ಎತ್ತಿನ ಗಾಡಿಗೆ ಜಾಗವಿದೆ, ಕಾಲ್ನಡಿಗೆಯವರಿಗಿಲ್ಲ. ಹೀಗಾಗಿ ನಿಮ್ಮ ಹೊರೆ ಹೊತ್ತವರು ಕಡತದಲ್ಲಿ ತಾವಾಗಿ ಕಾಣಿಸುವುದಿಲ್ಲ. ಗ್ರಾಮಸಭೆಯ ನಿರ್ಣಯದ ಮೂಲಕ ನೀವೇ ಕಾಣಿಸಬೇಕು.

ಗೇಟು ಮುಚ್ಚುವುದಕ್ಕೆ ರಾಜ್ಯ ಸರ್ಕಾರದ ಕಡೆಯಿಂದ, ವಾಡಿಕೆಯಲ್ಲಿ ಜಿಲ್ಲಾಧಿಕಾರಿಗಳಿಂದ, ಒಪ್ಪಿಗೆ ಪಡೆಯಲಾಗುತ್ತದೆ. ನಿಮ್ಮ ಷರತ್ತುಗಳು ಆ ಒಪ್ಪಿಗೆ ಪತ್ರದೊಳಗೇ ಸೇರಬೇಕು. ದಾರಿಯನ್ನು ತಿರುಗಿಸುವ ಅಧಿಕಾರ 1989ರ ರೈಲ್ವೆ ಅಧಿನಿಯಮದ ಕಲಂ 11ರಲ್ಲಿ ರೈಲ್ವೆಗೆ ಇದೆ. ಆದರೆ ತಿರುಗಿಸಿದ ದಾರಿಯನ್ನು ಹಳಿಯ ಪಕ್ಕದ ರೈಲ್ವೆ ಜಾಗದಲ್ಲೇ ತೋರಿಸಿದರೆ ಒಪ್ಪಬೇಡಿ, ಏಕೆಂದರೆ ನಾಳೆ ಅಲ್ಲಿ ಬೇಲಿ ಹಾಕಿದರೆ ನಡೆದವರೇ ಕಲಂ 147ರ ಅತಿಕ್ರಮ ಪ್ರವೇಶದ ಆರೋಪಕ್ಕೆ ಸಿಕ್ಕಿಕೊಳ್ಳುತ್ತಾರೆ.

ಅಂಡರ್‌ಪಾಸಿನ ನಕ್ಷೆಯನ್ನು ಕೇಳಿ ಪಡೆದು ಒಂದೇ ಒಂದು ಅಂಶವನ್ನು ನೋಡಿ: ಅದರ ನೆಲದ ಮಟ್ಟ ಮತ್ತು ಹತ್ತಿರದ ಹಳ್ಳದ ಮಟ್ಟ. ಜುಲೈ ತಿಂಗಳಲ್ಲಿ ತುಂಬಿ ಹರಿಯುವ ಹಳ್ಳದ ನೀರು ಅಂಡರ್‌ಪಾಸಿನ ನೆಲಕ್ಕಿಂತ ಮೇಲಿದ್ದರೆ ಚರಂಡಿ ಎಷ್ಟು ಅಗಲವಿದ್ದರೂ ನೀರು ಹೊರಗೆ ಹೋಗುವುದಿಲ್ಲ. ಪಂಪು ಇಡುತ್ತೇವೆ ಎನ್ನುತ್ತಾರೆ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಪಂಪು ಯಾವ ಪುರುಷಾರ್ಥಕ್ಕೆ? ಜಾಗವನ್ನೇ ಬದಲಿಸಲು ಹೇಳಿ.

ಉತ್ತರ: ಪರದೇಶದಲ್ಲಿರುವ ಸೊರಬದವ

ಹೋಲಿಕೆಗಾಗಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 1980ರ ಹೈವೇಸ್ ಕಾಯ್ದೆಗೆ 1992ರಲ್ಲಿ ಸೇರಿಸಿದ 118ಎ, 119ಎ ಕಲಂಗಳು ಹಳಿ ದಾಟುವ ಕಾಲುದಾರಿಯನ್ನು ರದ್ದುಪಡಿಸುವ ಆದೇಶವನ್ನೂ ಬೇರೆಡೆಗೆ ತಿರುಗಿಸುವ ಆದೇಶವನ್ನೂ ಪ್ರತ್ಯೇಕಿಸಿವೆ. ರದ್ದತಿಯನ್ನು ಸ್ಥಿರೀಕರಿಸುವ ಮೊದಲು, ಇರುವ ದಾಟನ್ನೇ ಸುರಕ್ಷಿತಗೊಳಿಸಲು ಸಾಧ್ಯವಿತ್ತೇ ಎಂದು ಪರಿಶೀಲಿಸಲೇಬೇಕು. ಆ ಒಂದು ಪ್ರಶ್ನೆಯನ್ನು ನಿಮ್ಮ ಅರ್ಜಿಯಲ್ಲೂ ಕೇಳಬಹುದು.

ಉತ್ತರ: ಬೆಟ್ಟದಂಚಿನವ

ಬದಲಿ ದಾರಿ ಅರಣ್ಯದೊಳಗೆ ಬಂದರೆ ಕೆಲಸ ಅಲ್ಲಿಗೇ ನಿಲ್ಲುವ ಭಯ ಬೇಡ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2)ರಲ್ಲಿ, ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬೇಕಾಗುವ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದ ಸರ್ಕಾರಿ ರಸ್ತೆಗಳಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಅವಕಾಶವಿದೆ.

ಉತ್ತರ: ನಿವೃತ್ತ ಭೂಮಾಪಕ, ಸಾಗರ

ಒಂದು ಮಾತು ಬಿಟ್ಟುಹೋಯಿತು. ಬದಲಿ ದಾರಿ ಯಾರದಾದರೂ ಜಮೀನಿನಲ್ಲಿ ಹಾಯುವುದಾದರೆ ಬಾಯಿಮಾತಿನ ಒಪ್ಪಿಗೆ ಸಾಲದು; ಅಷ್ಟು ಜಾಗವನ್ನು ಪಂಚಾಯಿತಿ ಹೆಸರಿಗೆ ನೋಂದಾಯಿಸಿ, ಅಳತೆ ಮಾಡಿಸಿ, ಪೋಡಿಯಾಗಿ (ಸರ್ವೆ ನಂಬರಿನಲ್ಲಿ ಪ್ರತ್ಯೇಕ ಭಾಗವಾಗಿ) ಪಹಣಿಯಲ್ಲಿ ಬರುವ ತನಕ ಹಳೆಯ ಗೇಟು ತೆರೆದೇ ಇರತಕ್ಕದ್ದು ಎಂಬುದನ್ನು ಮೊದಲನೆಯ ಷರತ್ತಾಗಿ ಬರೆಯಿರಿ. ಅರ್ಜಿಯ ಒಂದು ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.