ಶೋನಾ ಹುಡುಗಿ, ನಮ್ಮ ಹುಡುಗ: ರೋರಾಕ್ಕೆ ಏನೇನು ಕೊಡಬೇಕು?

ಶಿರಸಿ ಪೇಟೆ:
ನಮ್ಮನೆ ಹುಡುಗ ಜಿಂಬಾಬ್ವೆಯ ಹರಾರೆಯಲ್ಲಿದ್ದಾನೆ, ಅಲ್ಲಿನ ಶೋನಾ ಸಮುದಾಯದ ಹುಡುಗಿ ಜೊತೆ ಮದುವೆ ನಿಕ್ಕಿಯಾಗಿದೆ. ಅವರ ಕಡೆಯಿಂದ ‘ರೋರಾ’ದ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡಬೇಕಾದ್ದರ, ಉದ್ದದ ಪಟ್ಟಿ ಬಂದಿದೆ: ದುಡ್ಡು, ದನ, ಬಟ್ಟೆ, ಕಿರಾಣಿ. ಹಿರಿಯರು ‘ಇದೆಂಥ ವ್ಯಾಪಾರ’ ಅಂತಿದ್ದಾರೆ. ಹುಡುಗನ ಅಪ್ಪನೇ ಹೋಗಿ ಮಾತಾಡಬಹುದಾ? ಚೌಕಾಸಿ ಎಲ್ಲಿ ಮಾಡಬೇಕು?

ಕೋಡಿಬಾಗ:
ಅಪ್ಪ ಮಾತಾಡುವ ಹಾಗಿಲ್ಲ. ‘ಮುನ್ಯಾಯಿ’ ಎಂಬ ಮಧ್ಯಸ್ಥ ಬೇಕು. ಶೋನಾ ಭಾಷೆ ಬಲ್ಲ, ಮದುವೆಯಾದ, ತಾಳ್ಮೆಯ ಗಂಡಸನ್ನು ಹುಡುಕಿ. ಹಣವೆಲ್ಲ ಮರದ ತಟ್ಟೆಗೆ ಬೀಳಬೇಕು. ಮೊದಲು ತಟ್ಟೆಗೇ ಒಂದಿಷ್ಟು, ಆಮೇಲೆ ‘ವುರಾಮುರೊಮೊ’, ಅಂದರೆ ಬಾಯಿ ತೆರೆಸುವ ಹಣ. ಅದು ಬೀಳದೆ ಹೆಣ್ಣಿನ ಕಡೆಯವರು ಬಾಯಿ ಬಿಡುವುದಿಲ್ಲ. ತಡವಾಗಿ ಹೋದರೆ, ಕೂರುವ ರೀತಿ ತಪ್ಪಿದರೆ ದಂಡ. ಅದಕ್ಕೇ 1, 5, 10ರ ಅಮೆರಿಕನ್ ಡಾಲರ್ ನೋಟು ಬೇರೆಯೇ ಇಟ್ಟುಕೊಳ್ಳಿ. ಬರೀ 100ರ ನೋಟು ಹಿಡಿದು ಹೋದವರು ಅಲ್ಲಿ ಪೇಚಾಡುತ್ತಾರೆ. ಮಗಳು ಗಡ್ಡ ಎಳೆದಾಡಿದ್ದಕ್ಕೆ ಅಪ್ಪನಿಗೆ ‘ಮಟೆಕೆನ್ಯಾಂಡೆಬ್ವು’, ಹೊಟ್ಟೆಯಲ್ಲಿ ಹೊತ್ತಿದ್ದಕ್ಕೆ ಅಮ್ಮನಿಗೆ ‘ಮಫುಕಿಡ್ಜಾದುಂಬು’. ಇವು ಸಣ್ಣ ಮೊತ್ತ, ಇಲ್ಲಿ ಜಗ್ಗಾಡಬೇಡಿ. ನಡುವೆ ಹುಡುಗಿಯನ್ನೇ ಕರೆದು ‘ಇವರನ್ನು ಬಲ್ಲೆಯಾ’ ಅಂತ ಕೇಳಿ, ತಟ್ಟೆಯಿಂದ ಅವಳ ಪಾಲು ಎತ್ತಿಕೊಳ್ಳಲು ಹೇಳುತ್ತಾರೆ.

ಚೌಕಾಸಿಗೆ ಜಾಗ ಎರಡೇ: ‘ರುಸಾಂಬೊ’ ಎಂಬ ದೊಡ್ಡ ಮೊತ್ತ, ‘ದಂಗಾ’ ಎಂಬ ದನಗಳ ಲೆಕ್ಕ. ದಂಗಾವನ್ನು ಈಗ ಹೆಚ್ಚಾಗಿ ದುಡ್ಡಲ್ಲೇ ಕಟ್ಟುತ್ತಾರೆ. ಎಲ್ಲವನ್ನೂ ಒಂದೇ ದಿನ ಚುಕ್ತಾ ಮಾಡಿದರೆ ಸೊಕ್ಕು ಅನ್ನಿಸುತ್ತದೆ. ಸ್ವಲ್ಪ ಬಾಕಿ ಉಳಿಸುವುದೇ ಮರ್ಯಾದೆ.

ಕುಮಟಾ ಕಡೆ:
ಒಂದು ಸೇರಿಸುವೆ. ಅಮ್ಮನ ಹಸು, ‘ಮೊಂಬೆ ಯೆಉಮಾಯಿ’, ಇದಕ್ಕೆ ಮಾತ್ರ ದುಡ್ಡು ನಡೆಯುವುದಿಲ್ಲ. ಜೀವಂತ ಮಣಕವೇ ಬೇಕು, ಹೋರಿಯಲ್ಲ. ತಪ್ಪಿಸಿದರೆ ತಾಯಿ ಕಡೆಯ ಪಿತೃಗಳು ಮುನಿದು ಹುಟ್ಟುವ ಮಕ್ಕಳಿಗೆ ತೊಂದರೆ ಎಂಬ ನಂಬಿಕೆ ಗಟ್ಟಿಯಾಗಿದೆ. ಬೇರೆಲ್ಲ ತಡವಾದರೂ ಇದನ್ನು ಮರೆಯಬೇಡಿ.

‘ಮಜಾಸಿ’ ಅಂದರೆ ಅಪ್ಪನಿಗೆ ಸೂಟು, ಬೂಟು, ಟೋಪಿ. ಅಮ್ಮನಿಗೆ ಉಡುಪು, ಚಪ್ಪಲಿ, ಕಂಬಳಿ. ಅಳತೆ ಮೊದಲೇ ತರಿಸಿಕೊಳ್ಳಿ, ಹೊಂದದಿದ್ದರೆ ಮತ್ತೆ ಕೊಳ್ಳಬೇಕಾಗುತ್ತದೆ. ಕಿರಾಣಿಯಲ್ಲಿ ಎಣ್ಣೆ, ಸಕ್ಕರೆ, ಅಕ್ಕಿ, ಜೋಳದ ಹಿಟ್ಟು, ಸಾಬೂನು. ಪಟ್ಟಿ ಹಿಡಿದು ಒಂದೊಂದೇ ತಾಳೆ ನೋಡುತ್ತಾರೆ. ಸೀರೆ, ಅಡಿಕೆ ಒಯ್ಯಿರಿ, ಖುಷಿಪಡುತ್ತಾರೆ. ಆದರೆ ಪಟ್ಟಿಯಲ್ಲಿನ ಯಾವುದಕ್ಕೂ ಅವು ಬದಲಿಯಲ್ಲ. ಹಿರಿಯರಿಗೆ ‘ತೆರ’ ನೆನಪು ಮಾಡಿ. ನಮ್ಮಲ್ಲೂ ಎಷ್ಟೋ ಸಮುದಾಯಗಳಲ್ಲಿ ಗಂಡಿನ ಕಡೆಯವರೇ ಕೊಡುತ್ತಿದ್ದರು, ವರದಕ್ಷಿಣೆ ಬಂದದ್ದು ಆಮೇಲೆ.

ಶಿರಸಿ ಪೇಟೆ:
ಮಣಕವನ್ನು ಹರಾರೆಯಿಂದಲೇ ಹೊಡೆದುಕೊಂಡು ಹೋಗಬೇಕಾ?

ಕೋಡಿಬಾಗ:
ಬೇಡ. ಹುಡುಗಿಯ ಊರಿನ ಹತ್ತಿರವೇ ಕೊಳ್ಳಿ. ದನ ಸಾಗಿಸಲು ಪೊಲೀಸರ ಮತ್ತು ಪಶುವೈದ್ಯ ಇಲಾಖೆಯ ಕಾಗದ ಬೇಕು, ದೂರದಿಂದ ತರುವವರು ಅಲ್ಲೇ ಸಿಕ್ಕಿಬೀಳುವುದು. ಮುನ್ಯಾಯಿಗೆ ಹೇಳಿ, ಮಾರುವವರು ಅವನಿಗೆ ಗೊತ್ತಿರುತ್ತಾರೆ.