ಸೋಫಾ ಬಟ್ಟೆಯ ಮೇಲಿನ ಕಾಫಿ, ಅರಿಶಿನದ ಕಲೆ: ಮಳೆಗಾಲದಲ್ಲಿ ತೆಗೆಯುವುದು ಹೇಗೆ?

ಪ್ರಶ್ನೆ (ಚಿಕ್ಕಮಗಳೂರು):
ನೆಂಟರು ಬಂದಿದ್ದಾಗ ನಮ್ಮ ತಿಳಿ ಬಣ್ಣದ ಸೋಫಾ ಮೇಲೆ ಹಾಲು ಬೆರೆಸಿದ ಫಿಲ್ಟರ್ ಕಾಫಿ ಚೆಲ್ಲಿ, ಒಣಗಿದ ಮೇಲೆ ಕಂದು ಅಂಚಿನ ಕಲೆಯಾಗಿ ಉಳಿದಿದೆ. ಕೈ ಇಡುವ ಕಡೆ ಸಾರು ಬಿದ್ದು ಆದ ಅರಿಶಿನದ ಹಳೆಯ ಕಲೆಯೂ ಇದೆ. ಬಟ್ಟೆಯನ್ನು ಪಿನ್ ಹೊಡೆದು ಕೂರಿಸಿರುವುದರಿಂದ ಬಿಚ್ಚಿ ಒಗೆಯಲು ಬರುವುದಿಲ್ಲ; ಈ ಜಡಿಮಳೆಯಲ್ಲಿ ಹೆಚ್ಚು ನೀರು ಹಾಕಲು ಭಯವಾಗುತ್ತದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಹಾಸನ):
ಮೊದಲು ಸೋಫಾದ ಅಡಿಯಲ್ಲಿ ಚೀಟಿ ಇದೆಯೇ ನೋಡಿ. ಅದರಲ್ಲಿ ‘ಡಬ್ಲ್ಯೂ’ ಎಂದಿದ್ದರೆ ನೀರಿನಿಂದ ಶುಚಿ ಮಾಡಬಹುದು. ‘ಎಸ್’ ಅಥವಾ ‘ಎಕ್ಸ್’ ಎಂದಿದ್ದರೆ ನೀರು ತಾಗಿಸಬಾರದು. ಊರಿನಲ್ಲೇ ಮಾಡಿಸಿದ ಸೋಫಾಗಳಿಗೆ ಸಾಮಾನ್ಯವಾಗಿ ಚೀಟಿ ಇರುವುದಿಲ್ಲವಾದ್ದರಿಂದ, ಹಿಂಬದಿಯ ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಒಣಗಿದ ಮೇಲೆ ಬಣ್ಣ ಬಿಟ್ಟಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ.

ಕಾಫಿಯಲ್ಲಿ ಹಾಲಿರುವುದರಿಂದ ಬಿಸಿನೀರು ಬೇಡ. ಬಿಸಿಗೆ ಹಾಲಿನ ಪ್ರೋಟೀನು ನೂಲಿನಲ್ಲೇ ಗಟ್ಟಿಯಾಗುತ್ತದೆ. ಒಂದು ಬಟ್ಟಲು ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವೇ ಹನಿ ಬೆರೆಸಿ, ಬಿಳಿ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಕಲೆಯ ಅಂಚಿನಿಂದ ನಡುವಿಗೆ ಒತ್ತುತ್ತಾ ಬನ್ನಿ. ಉಜ್ಜಿದರೆ ಕಲೆ ಫೋಮಿಗೆ ಇಳಿಯುತ್ತದೆ, ನೂಲಿನ ಎಳೆಯೂ ಏಳುತ್ತದೆ. ಉಳಿದ ಕಂದು ಬಣ್ಣಕ್ಕೆ ಒಂದು ಪಾಲು ಬಿಳಿ ವಿನೆಗರಿಗೆ ಎರಡು ಪಾಲು ನೀರು ಸೇರಿಸಿ ಅದೇ ರೀತಿ ಒತ್ತಿ, ಕೊನೆಗೆ ಬರೀ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಸೋಪನ್ನೂ ವಿನೆಗರನ್ನೂ ತೆಗೆಯಿರಿ. ನೀರು ಆರುವಾಗ ಕರಗಿದ ಬಣ್ಣವನ್ನು ಅಂಚಿಗೆ ಎಳೆದೊಯ್ಯುವುದರಿಂದಲೇ ಆ ಕಂದು ಗೆರೆ ಮೂಡುವುದು. ಆದ್ದರಿಂದ ಕಲೆಯಷ್ಟು ಜಾಗವನ್ನೇ ಒದ್ದೆ ಮಾಡದೆ, ಹೊಲಿಗೆಯಿಂದ ಹೊಲಿಗೆಯವರೆಗೆ ಇಡೀ ಭಾಗವನ್ನು ತೆಳುವಾಗಿ ತೇವಗೊಳಿಸಿ ಒಂದೇ ಸಮನಾಗಿ ಆರಲು ಬಿಡಿ.

ಉತ್ತರ (ಮೂಡಿಗೆರೆ):
ಅರಿಶಿನಕ್ಕೆ ಅಡುಗೆ ಸೋಡಾ ಬೇಡ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಸುಣ್ಣ ಬೆರೆತಾಗ ಆಗುವುದೂ ಇದೇ. ಕೆಂಪಾದರೂ ಗಾಬರಿ ಬೇಡ, ವಿನೆಗರ್ ನೀರು ತಾಗಿಸಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಹಳೆಯ ಅರಿಶಿನಕ್ಕೆ ಬಿಸಿಲಿನಷ್ಟು ಒಳ್ಳೆಯ ಮದ್ದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಹೊಳವಾದಾಗ ಆ ಭಾಗಕ್ಕೆ ಮಾತ್ರ ಬಿಸಿಲು ಬೀಳುವಂತೆ ಇಡಿ. ಸೋಫಾದ ಬಣ್ಣವೂ ಮಾಸಬಹುದಾದ್ದರಿಂದ ಉಳಿದ ಭಾಗವನ್ನು ಮುಚ್ಚಿಡಿ. ಬ್ಲೀಚಿಂಗ್ ದ್ರವವನ್ನು ವಿನೆಗರಿನ ಜೊತೆ ಎಂದಿಗೂ ಬಳಸಬೇಡಿ. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯಕಾರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಣಗಲು ಸೀಲಿಂಗ್ ಫ್ಯಾನ್ ಸಾಕಾಗುತ್ತದೆಯೇ?

ಉತ್ತರ (ಮೂಡಿಗೆರೆ):
ಮಲೆನಾಡಿನ ಮಳೆಗಾಲದಲ್ಲಿ ಅದೊಂದನ್ನೇ ನಂಬಬೇಡಿ. ಫೋಮಿನೊಳಗೆ ತೇವ ಉಳಿದರೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯಲಾರಂಭಿಸಬಹುದು. ಒಣ ಟವೆಲ್ಲನ್ನು ಬಲವಾಗಿ ಒತ್ತಿ ನೀರು ಹೀರಿಸಿ, ಸೋಫಾವನ್ನು ಗೋಡೆಯಿಂದ ದೂರ ಎಳೆದು, ಟೇಬಲ್ ಫ್ಯಾನನ್ನು ನೇರವಾಗಿ ಒದ್ದೆ ಜಾಗಕ್ಕೆ ತಿರುಗಿಸಿ. ಒಣ ಬಟ್ಟೆಯನ್ನು ಅದುಮಿ ಹಿಡಿದಾಗ ಅದಕ್ಕೆ ತೇವ ತಾಗದಂತಾದ ಮೇಲೆಯೇ ಕುಳಿತುಕೊಳ್ಳಿ.