ಆನೆ ಕೇಕಿಗೆ ಗೋಡಂಬಿ ದಂತ

ಹಲೋ, ಕೇಳಿಸ್ತಾ ಇದೆಯಾ? ಹೊರಗೆ ಶೀಟಿನ ಮೇಲೆ ಮಳೆ ಸುರಿಯುತ್ತಿದೆ. ಮಧ್ಯೆ ನನ್ನ ಮಾತು ಮುಳುಗಿದರೆ ಇನ್ನೊಂದು ಸಲ ಹಾಕಿಕೊಂಡು ಕೇಳು ಮಾರಾಯ್ತಿ. ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಮಗನಿಗೆ ಭಾನುವಾರ ಐದು ತುಂಬುತ್ತದೆ, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ ಬಂದಾಗಿನಿಂದ ಆನೆ ಕೇಕೇ ಬೇಕು ಅಂತ ಹಠ, ಬೇಕರಿಯವರು ಎರಡು ಕೆಜಿಗಿಂತ ಕಡಿಮೆ ಮಾಡಲ್ಲ ಅಂದರು, ನಿಮ್ಮ ಅತ್ತೆಯವರು ಮೊಟ್ಟೆ ಮುಟ್ಟಲ್ಲ, ಮನೆಯಲ್ಲೇ ಮಾಡಬಹುದಾ ಚಿಕ್ಕಮ್ಮ ಅಂತ ಕೇಳಿದ್ದೀಯ. ಮಾಡಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅತ್ತಿಗೆ ಗ್ರೂಪಿಗೆ ಹಾಕಿದ ಫಾಂಡಂಟ್ ವಿಡಿಯೋ ಇದೆಯಲ್ಲ, ಸಕ್ಕರೆ ಹಿಟ್ಟು ಲಟ್ಟಿಸಿ ಕೇಕಿಗೆ ಹೊದಿಸೋದು, ಅದನ್ನು ಈ ಮಳೆಯಲ್ಲಿ ಮಾಡಲು ಹೋಗಬೇಡ. ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ವಿಡಿಯೋ ಚೆನ್ನಾಗಿದೆ, ನಮ್ಮ ಹವೆ ಸರಿ ಇಲ್ಲ ಅಷ್ಟೇ.

ನಾನು ಕೈ ಸುಟ್ಟುಕೊಂಡವಳು. ಹೋದ ವರ್ಷ ಇದೇ ಮಳೆಗಾಲದಲ್ಲಿ ಅಕ್ಕನ ಮೊಮ್ಮಗನಿಗೆ ತಾಳಗುಪ್ಪ ರೈಲು ಅಂತ ಕೇಕ್ ಮಾಡಿದ್ದೆ. ಎರಡು ಗಂಟೆ ಕೂತು ನೀಲಿ ಫಾಂಡಂಟ್ ಲಟ್ಟಿಸಿ ಹೊದಿಸಿದೆ. ಚಕ್ರ, ಕಿಟಕಿ ಎಲ್ಲ ಕತ್ತರಿಸಿ ಅಂಟಿಸಿದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟೆ. ಮಾರನೆ ದಿನ ಸಂಜೆ ಹೊರಗೆ ತೆಗೆದು ಹತ್ತು ನಿಮಿಷ ಆಗಿರಲಿಲ್ಲ, ರೈಲು ಬೆವರತೊಡಗಿತು. ಫಾಂಡಂಟ್ ಅಂದರೆ ಸಕ್ಕರೆಯೇ ಅಲ್ವಾ, ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಅದರ ಮೇಲೆ ಫ್ರಿಜ್ಜಿನ ತಣ್ಣನೆ ಮೈಗೆ ನಮ್ಮ ತೇವದ ಗಾಳಿ ತಾಗಿದರೆ ಕೇಳಬೇಕಾ? ಹನಿ ಕಟ್ಟಿತು, ನೀಲಿ ಇಳಿಯಿತು, ಚಕ್ರಗಳು ಒಂದೊಂದೇ ಜಾರಿ ತಟ್ಟೆಗೆ ಬಂದವು. ಭಾವ ನೋಡಿ 'ಆನಂದಪುರದ ಹತ್ರ ಹಳಿ ತಪ್ಪಿತು' ಅಂದರು. ಮಗು ನಕ್ಕಿತು, ನಾನು ಅಡುಗೆಮನೆಗೆ ಹೋಗಿ ಅತ್ತೆ.

ಹಾಗಾಗಿ ನಿನಗೆ ಬೆಣ್ಣೆ ಕ್ರೀಮೇ ಸರಿ. ವಿಪ್ಪಿಂಗ್ ಕ್ರೀಮೂ ಬೇಡ. ಅರ್ಧ ದಿನ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾದರೆ ಅದು ನೀರಾಗುತ್ತದೆ. ಬೆಣ್ಣೆ ಕ್ರೀಮ್ ನಮ್ಮ ಮಳೆಗಾಲದ ಚಳಿಗೆ ಹೊರಗಿಟ್ಟರೂ ಗಟ್ಟಿಯಾಗಿ ಕೂರುತ್ತದೆ.

ಕೇಕನ್ನು ಶನಿವಾರ ಬೆಳಿಗ್ಗೆಯೇ ಬೇಯಿಸಿಡು. ಒಂದು ಏಳು ಇಂಚಿನ ಡಬ್ಬಿಗೆ ಮೈದಾ ಒಂದೂವರೆ ಕಪ್ಪು, ಗಟ್ಟಿ ಮೊಸರು ಒಂದು ಕಪ್ಪು, ಸಕ್ಕರೆ ಮುಕ್ಕಾಲು ಕಪ್ಪು, ಎಣ್ಣೆ ಅರ್ಧ ಕಪ್ಪು, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಚಮಚ, ಸ್ವಲ್ಪ ವೆನಿಲಾ. ಮೊಸರಿಗೆ ಸಕ್ಕರೆ ಕರಗಿಸಿ, ಸೋಡಾ, ಪೌಡರ್ ಹಾಕಿ ಐದು ನಿಮಿಷ ಬಿಡು. ನೊರೆ ಬರುತ್ತದೆ. ಆಮೇಲೆ ಎಣ್ಣೆ, ವೆನಿಲಾ, ಕೊನೆಗೆ ಜರಡಿ ಹಿಡಿದ ಮೈದಾ. ಜಾಸ್ತಿ ಕಲಸಬೇಡ, ರಬ್ಬರ್ ಆಗುತ್ತದೆ. ಈ ಚಳಿಗೆ ಮೊಸರು ಸರಿಯಾಗಿ ಹೆಪ್ಪಾಗಲ್ಲ, ನೀರು ನೀರಾಗಿರುತ್ತದೆ. ಅರ್ಧ ಗಂಟೆ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಆಮೇಲೆ ಅಳೆ.

ಎರಡು ಕೇಕ್ ಬೇಕು. ಆದರೆ ಎರಡರ ಹಿಟ್ಟನ್ನೂ ಒಟ್ಟಿಗೆ ಕಲಸಿಡಬೇಡ. ಮೊಸರು, ಸೋಡಾ ಸೇರಿದ ಕೂಡಲೇ ಗುಳ್ಳೆ ಏಳಲು ಶುರು. ಎರಡನೆಯದು ಮುಕ್ಕಾಲು ಗಂಟೆ ಕಾದು ಕೂತರೆ ಅಷ್ಟರಲ್ಲಿ ಉಸಿರೆಲ್ಲ ಹೋಗಿ ದೋಸೆ ಥರ ಆಗುತ್ತದೆ. ಮೊದಲನೆಯದು ಬೆಂದು ಹೊರಗೆ ಬಂದ ಮೇಲೆ ಎರಡನೆಯದನ್ನು ಕಲಸು.

ಅಯ್ಯೋ, ಇರು... ನೋಡು, ಹೇಳ್ತಾ ಇದ್ದ ಹಾಗೇ ಕರೆಂಟ್ ಹೋಯಿತು. ಇದಕ್ಕೇ ಹೇಳೋದು, ಓವನ್ ನಂಬಬೇಡ. ಅರ್ಧ ಬೆಂದಾಗ ಕರೆಂಟ್ ಹೋದರೆ ಕೇಕ್ ನಡುವೆ ಕುಸಿದು ಕೆರೆಯಾಗುತ್ತದೆ. ದೊಡ್ಡ ಕುಕ್ಕರೇ ಇಡು. ಗ್ಯಾಸ್ಕೆಟ್, ವಿಸಿಲ್ ಎರಡೂ ತೆಗೆ. ನೀರು ಹಾಕಬೇಡ, ತಳಕ್ಕೆ ಪುಡಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ ಡಬ್ಬಿ ಇಳಿಸು. ಸಣ್ಣ ಉರಿಯಲ್ಲಿ 40-45 ನಿಮಿಷ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ಪೂರ್ತಿ ಆರಿದ ಮೇಲೆ ಸುತ್ತಿ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಡು. ಬಿಸಿ ಕೇಕಿಗೆ ಚಾಕು ಹಾಕಿದರೆ ಬರೀ ಪುಡಿ ಬರುತ್ತದೆ.

ಈಗ ಆನೆ. ನಿಲ್ಲಿಸೋ ಆನೆ ಮಾಡಲು ಹೋಗಬೇಡ, ಸೊಂಡಿಲು ಮುರಿದು ಬೀಳುತ್ತದೆ. ತಟ್ಟೆಯಲ್ಲಿ ಮಲಗಿದ ಆನೆ ಮುಖ ಸಾಕು. ಮಕ್ಕಳಿಗೆ ಕಿವಿ, ಸೊಂಡಿಲು ಕಂಡರೆ ಆನೆಯೇ. ಮೊದಲನೆ ಕೇಕ್ ಮುಖ. ಅದರ ಎಡ, ಬಲ, ಕೆಳಗೆ ಅರ್ಧರ್ಧ ಇಂಚು ನೇರವಾಗಿ ಕತ್ತರಿಸು. ಎರಡನೆ ಕೇಕಿನ ಎರಡು ಬದಿಯಿಂದ ಎರಡೆರಡು ಇಂಚು ನೇರ ಕತ್ತರಿಸಿದರೆ ಅರ್ಧಚಂದ್ರದ ಥರ ಎರಡು ತುಂಡು, ಅವೇ ಕಿವಿ. ನೇರ ಅಂಚಿಗೆ ನೇರ ಅಂಚು ಕೂರುತ್ತದೆ. ನಡುವೆ ಉಳಿದ ಪಟ್ಟಿ ಸೊಂಡಿಲು. ತುದಿಗೆ ಬರ್ತಾ ಬರ್ತಾ ಸಣ್ಣ ಮಾಡು. ನಿಮ್ಮ ಮನೆಯ ದೊಡ್ಡ ಹರಿವಾಣ ಇದೆಯಲ್ಲ, ಅದಕ್ಕೆ ಬಾಳೆಎಲೆ ಹಾಸಿ ಅದರ ಮೇಲೆ ಜೋಡಿಸು. ಬೇರೆ ಬೋರ್ಡ್ ತರೋದು ದಂಡ.

ಕ್ರೀಮಿಗೆ ಅಂಗಡಿಯ ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ಐಸಿಂಗ್ ಸಕ್ಕರೆ 400 ಗ್ರಾಂ. ಮನೆ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಉಳಿದಿರುತ್ತದೆ, ಒಡೆಯುತ್ತದೆ. ಸಕ್ಕರೆ ತೇವಕ್ಕೆ ಗಂಟು ಕಟ್ಟಿರುತ್ತದೆ, ಜರಡಿ ಹಿಡಿ. ಇನ್ನು ಬಣ್ಣ. ಇಲ್ಲಿ ಎಲ್ಲರೂ ಸೋಲುತ್ತಾರೆ. ಬೆಣ್ಣೆ ಹಳದಿ. ಅದಕ್ಕೆ ಕಪ್ಪು ಬೆರೆಸಿದರೆ ಬೂದು ಬರಲ್ಲ, ಪಾಚಿ ಹಿಡಿದ ಕಾಂಪೌಂಡ್ ಗೋಡೆಯ ಬಣ್ಣ ಬರುತ್ತದೆ! ಅದಕ್ಕೆ ಮೊದಲು ಬರೀ ಬೆಣ್ಣೆಯನ್ನೇ ಆರೇಳು ನಿಮಿಷ ಬೀಟ್ ಮಾಡು, ಬೆಳ್ಳಗಾಗುತ್ತದೆ. ಸಕ್ಕರೆ ಹಾಕಿ ಆದ ಮೇಲೆ ಟೂತ್‌ಪಿಕ್ ತುದಿಯಲ್ಲಿ ಒಂದು ಚೂರು ನೇರಳೆ ಜೆಲ್ ಬಣ್ಣ ಬೆರೆಸು. ಹಳದಿಯನ್ನು ನೇರಳೆ ಹೊಡೆದುಹಾಕುತ್ತದೆ. ಆಮೇಲೆ ಕಪ್ಪು, ಅದೂ ಟೂತ್‌ಪಿಕ್ ಲೆಕ್ಕದಲ್ಲೇ. ಇನ್ನೂ ಸ್ವಲ್ಪ ಬೇಕು ಅನ್ನಿಸುವಾಗಲೇ ನಿಲ್ಲಿಸು, ಇಟ್ಟ ಹಾಗೆ ಗಾಢ ಆಗುತ್ತದೆ. ಸ್ವಲ್ಪ ಹೆಚ್ಚು ಕಡಿಮೆ ಆದರೂ ತಲೆ ಕೆಡಿಸಿಕೊಳ್ಳಬೇಡ. ತುಂಗೆಯಲ್ಲಿ ಸ್ನಾನ ಮುಗಿಸಿ ಎದ್ದ ಆನೆ ಕಪ್ಪು, ಮೈ ಮೇಲೆ ಮಣ್ಣು ಎರಚಿಕೊಂಡರೆ ಅದೇ ಆನೆ ಕಂದು.

ಮೊದಲು ತೆಳ್ಳಗೆ ಒಂದು ಪದರ ಬಳಿ, ಗೋಡೆಗೆ ಪ್ರೈಮರ್ ಹೊಡೆದ ಹಾಗೆ. ಪುಡಿಯೆಲ್ಲ ಅದರಲ್ಲಿ ಹಿಡಿದುಕೊಳ್ಳುತ್ತದೆ. ಅರ್ಧ ಗಂಟೆ ಫ್ರಿಜ್, ಆಮೇಲೆ ದಪ್ಪ ಪದರ. ನುಣ್ಣಗೆ ಮಾಡಲು ಒದ್ದಾಡಬೇಡ, ಆನೆ ಚರ್ಮ ಎಲ್ಲಿ ನುಣ್ಣಗಿರುತ್ತದೆ? ಸೊಂಡಿಲ ಮೇಲೆ ಫೋರ್ಕಿನಿಂದ ಅಡ್ಡಡ್ಡ ಗೆರೆ ಎಳೆ. ಕಣ್ಣಿಗೆ ಎರಡು ಕಪ್ಪು ದ್ರಾಕ್ಷಿ, ಸಣ್ಣವು, ಸೊಂಡಿಲ ಬುಡದ ಹತ್ತಿರ. ದೊಡ್ಡ ಕಣ್ಣಿಟ್ಟರೆ ಇಲಿ ಆಗುತ್ತದೆ. ಬಿಡಾರದ ಆನೆಗಳನ್ನು ಹತ್ತಿರದಿಂದ ನೋಡಿದ್ದೀಯಲ್ಲ, ಕಿವಿ ಅಂಚಲ್ಲಿ, ಸೊಂಡಿಲ ಮೇಲೆ ಗುಲಾಬಿ ಚುಕ್ಕಿ ಇರುತ್ತವೆ. ಬಣ್ಣ ಹಾಕೋ ಮೊದಲೇ ಒಂದು ಚಮಚ ಬಿಳಿ ಕ್ರೀಮ್ ತೆಗೆದಿಟ್ಟು ಎರಡು ಹನಿ ಬೀಟ್ರೂಟ್ ರಸ ಬೆರೆಸಿ ಅಲ್ಲಲ್ಲಿ ಇಡು. ಎಲ್ಲಿ ಕ್ರೀಮ್ ಕಿತ್ತು ಬಂದಿದೆಯೋ ಅಲ್ಲಿಗೇ ಸರಿಯಾಗಿ ಚುಕ್ಕಿ ಇಟ್ಟರೆ ತಪ್ಪೂ ಮುಚ್ಚುತ್ತದೆ.

ದಂತಕ್ಕೆ ಏನು ಮಾಡಲಿ ಅಂತ ಕೇಳಿದ್ದೀಯ. ಗೋಡಂಬಿ! ದೇವರೇ ಬಾಗಿಸಿ ಕೊಟ್ಟಿದ್ದಾನೆ. ಉದ್ದನೆಯ ಎರಡು ಇಡೀ ಗೋಡಂಬಿ ಆರಿಸಿ ಭಾನುವಾರ ಬೆಳಿಗ್ಗೆ ಸಿಕ್ಕಿಸು, ಮುಂಚೆಯೇ ಇಟ್ಟರೆ ಮೆತ್ತಗಾಗುತ್ತದೆ. ಬಿದ್ದುಹೋದರೆ ಹೆಣ್ಣಾನೆ ಅಂತ ಹೇಳು, ನಮ್ಮ ಕಡೆ ಹೆಣ್ಣಾನೆಗೆ ಅಂಥ ಉದ್ದ ದಂತ ಇರಲ್ಲ, ಸುಳ್ಳೇನಲ್ಲ.

ಇನ್ನೊಂದು. ಕತ್ತರಿಸಿ ಉಳಿದ ಚೂರು ಎಸೆಯಬೇಡ. ಆನೆಗಳಿಗೆ ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ ಸುತ್ತಿ ಕುಸುರೆ ಕೊಡುತ್ತಾರಲ್ಲ, ಅದನ್ನೂ ಮಾಡು. ಕೇಕಿನ ಪುಡಿಗೆ ಕಾಯಿತುರಿ, ಸ್ವಲ್ಪ ಬೆಲ್ಲ, ಒಂದು ಚಮಚ ಕ್ರೀಮ್ ಹಾಕಿ ಉಂಡೆ ಕಟ್ಟು. ತುಪ್ಪದಲ್ಲಿ ಗರಿಗರಿಯಾಗಿ ಹುರಿದ ಸಣ್ಣ ಶಾವಿಗೆಯಲ್ಲಿ ಹೊರಳಿಸಿ ಸೊಂಡಿಲ ಮುಂದಿಡು. ಇದನ್ನು ನಿನ್ನ ಮಗನ ಕೈಯಲ್ಲೇ ಮಾಡಿಸು. ಹತ್ತು ಕಟ್ಟಿದರೆ ನಾಲ್ಕು ಉಳಿಯಬಹುದು, ಅದು ಬೇರೆ.

ಕರೆಂಟ್ ಇನ್ನೂ ಬಂದಿಲ್ಲ, ಫೋನಿನ ಚಾರ್ಜೂ ಮುಗೀತಾ ಬಂತು. ನೇರಳೆ ಬಣ್ಣದ ಬಾಟಲಿ ನೀನು ಕೊಳ್ಳಬೇಡ, ನನ್ನ ಹತ್ರ ಹೋದ ವರ್ಷದ್ದೇ ಮುಕ್ಕಾಲು ಉಳಿದಿದೆ. ಶನಿವಾರ ಶಿವಮೊಗ್ಗಕ್ಕೆ ಹೋಗುವಾಗ ನಿಮ್ಮ ಚಿಕ್ಕಪ್ಪ ತಂದು ಕೊಡುತ್ತಾರೆ. ಬಾಟಲಿ ಮುಚ್ಚಳ ಸ್ವಲ್ಪ ಸಡಿಲ ಇದೆ, ನೆಟ್ಟಗೆ ಹಿಡ್ಕೋ.